ನಾಲ್ಕು ಗಂಟೆ ಕಮ್ಮಿ ಬಿದ್ದ ಸಮಸ್ಯೆ ಮೇಡಂ

ಕೆಲಸವಿಲ್ಲದವನಿಗೆ ಊರವರೆಲ್ಲ ಕೆಲಸ ಕೊಡುತ್ತಾರೆ. ಓದು ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ನಮ್ಮ ಬೀದಿಯವರು ಕೊಟ್ಟದ್ದು ಮ್ಯಾನ್‌ಹೋಲ್. ಅದು ತಿಂಗಳುಗಟ್ಟಲೆ ಉಕ್ಕುತ್ತಿತ್ತು. "ನಿನಗೇನಪ್ಪ, ಪುರುಸೊತ್ತಿದೆ, ಸ್ವಲ್ಪ ಓಡಾಡು" ಅಂದರು. ಓಡಾಡಿದೆ. ನೀರಿನ ಕಚೇರಿಯವರು ರಸ್ತೆ ಕಚೇರಿಯತ್ತ ಕೈ ತೋರಿಸಿದರು, ರಸ್ತೆಯವರು ನೀರಿನವರತ್ತ. ಮನವಿ ಪತ್ರ ಜೇಬಿನಲ್ಲೇ ಮೆತ್ತಗಾಗಿ ಮಡಿಕೆಯಲ್ಲಿ ಹರಿಯುವ ಹೊತ್ತಿಗೆ ಒಂದು ದಿನ ವಿಶ್ವವಿದ್ಯಾಲಯದ ಹಳೆ ಕಟ್ಟಡದ ಗೋಡೆಯ ಮೇಲೆ ಬಾಣದ ಗುರುತಿನ ಬೋರ್ಡು ಕಂಡಿತು: 'ಸಾಮಾಜಿಕ ಸಮಸ್ಯೆಗಳು, ಕೋಣೆ ಏಳು.'

ಛೆ, ಇಷ್ಟು ದಿನ ತಪ್ಪು ಬಾಗಿಲು ತಟ್ಟಿದೆನಲ್ಲ ಅಂದುಕೊಂಡು ಒಳಗೆ ಹೋದೆ. ಕೋಣೆ ಏಳರ ಮುಂದೆ ಸಾಲಿತ್ತು. ಸಾಲಿದೆ ಅಂದಮೇಲೆ ಕಚೇರಿಯೇ, ಅನುಮಾನವಿಲ್ಲ. ಎಲ್ಲರ ಕೈಯಲ್ಲೂ ಕಾಗದ.

ಮುಂದಿದ್ದ ಹುಡುಗನನ್ನು ಕೇಳಿದೆ, "ನಿಂದೇನು?"

"ಬಡತನ."

"ಅಯ್ಯೋ ಪಾಪ. ಮನೇಲಿ ಎಷ್ಟು ಜನ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಸರಿದು ನಿಂತ. ಹಿಂದಿದ್ದ ಹುಡುಗಿ ತಾನಾಗಿಯೇ ಹೇಳಿದಳು, "ನಂದು ಕುಡಿತ." ಎಷ್ಟು ಲಕ್ಷಣವಾಗಿದ್ದಾಳೆ, ಇವಳಿಗೆ ಯಾಕಪ್ಪ ಈ ಗತಿ ಅಂದುಕೊಂಡೆ.

"ನಿಮ್ದು?" ಅಂದಳು.

"ಮ್ಯಾನ್‌ಹೋಲ್."

"ಅದು ಸಿಲಬಸ್‌ನಲ್ಲಿದೆಯಾ?"

ಅಷ್ಟರಲ್ಲಿ ನನ್ನ ಸರದಿ ಬಂತು. ಮೇಜಿನ ಹಿಂದೆ ದಪ್ಪ ಕನ್ನಡಕದ, ಬಳಪದ ಪುಡಿಯಿಂದ ತೋಳು ಬೆಳ್ಳಗಾದ ಹೆಂಗಸು. ತಲೆಯೆತ್ತದೆ ನನ್ನ ಕಾಗದ ತೆಗೆದುಕೊಂಡರು, ಕೆಂಪು ಪೆನ್ನಿನಿಂದ ಎರಡು ಕಡೆ ಗೆರೆ ಹೊಡೆದರು, ಕೆಳಗೆ ಬರೆದರು: 'ಸ್ಥಿತಿಯ ವರ್ಣನೆ ಇದೆ, ವ್ಯಾಖ್ಯಾನ ಇಲ್ಲ. ಹತ್ತಕ್ಕೆ ಮೂರು.' ಬೀದಿಯ ಅರವತ್ತು ಜನ ಸಹಿ ಹಾಕಿದ ಮನವಿಗೆ ಮೂರು ಮಾರ್ಕು!

"ಯಾವ ಸೆಮಿಸ್ಟರು?" ಎಂದು ಆಮೇಲೆ ತಲೆಯೆತ್ತಿದರು.

"ಹದಿನಾಲ್ಕನೇ ಅಡ್ಡರಸ್ತೆ" ಅಂದೆ.

ಅವರು ನಕ್ಕ ನಗುವಿಗೆ ಸಾಲಿನವರೆಲ್ಲ ಇಣುಕಿದರು. ಅವರೇ ಸಮಸ್ಯೆ ಮೇಡಂ. ಮ್ಯಾನ್‌ಹೋಲ್ ವಿಷಯದಲ್ಲಿ ಅವರಿಂದ ಏನೂ ಆಗಲಿಲ್ಲ. ಆದರೆ ನನಗೊಂದು ಕೆಲಸ ಸಿಕ್ಕಿತು. ಕೈಬರಹ ಚೆನ್ನಾಗಿದೆ, ಮಾಡಲು ಬೇರೇನೂ ಇಲ್ಲ, ಈ ಎರಡು ಅರ್ಹತೆ ಸಾಕಾದ ಕೆಲಸ. ದಿನಗೂಲಿ. ಅವರ ಸಮಾಜಶಾಸ್ತ್ರ ವಿಭಾಗಕ್ಕೆ ಎಲ್ಲಿಂದಲೋ ಸಣ್ಣ ಅನುದಾನ ಬಂದಿತ್ತು. ಬೇರೆ ಬೇರೆ ವಿಶ್ವವಿದ್ಯಾಲಯಗಳ ಸಮಾಜಶಾಸ್ತ್ರದ ಪಠ್ಯಕ್ರಮ ತರಿಸಿಕೊಂಡು, ಅಲ್ಲಿ ಸಾಮಾಜಿಕ ಸಮಸ್ಯೆ ಅಂದರೆ ಏನು ಅಂತ ಹೇಳಿದ್ದಾರೆ, ಯಾವುದನ್ನು ಸೇರಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ವಿಂಗಡಿಸಬೇಕು. ಮೇಡಂ ಅಧ್ಯಯನ ಮಾಡುವವರು, ನಾನು ಅವರ ಬಲಗೈ. ಎಡಗೈ ಅಂದರೂ ನಡೆಯುತ್ತದೆ.

ಅಮ್ಮನಿಗೆ ಹೇಳಿದೆ. "ಸಮಸ್ಯೆ ಓದೋಕೆ ಸಂಬಳ ಕೊಡ್ತಾರಾ? ನಮ್ಮನೆಗೆ ಬರೋಕೆ ಹೇಳು, ಪುಕ್ಕಟೆ ತೋರಿಸ್ತೀನಿ" ಅಂದಳು.

ಸಮಸ್ಯೆ ಮೇಡಂ ಅಲ್ಲಿಗೆ ಬಂದದ್ದು ಬಾಣಂತನಕ್ಕೆ ಹೋದ ಯಾರದೋ ಜಾಗಕ್ಕೆ, ಒಂದು ಅವಧಿಯ ಮಟ್ಟಿಗೆ. ಆ ಮಗು ಈಗ ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿತ್ತು. ಮೇಡಂ ಇನ್ನೂ ಅತಿಥಿ ಉಪನ್ಯಾಸಕಿ. "ಇಷ್ಟು ವರ್ಷ ಉಳ್ಕೊಂಡ ಅತಿಥೀನ ಯಾರ ಮನೇಲಾದ್ರೂ ಕಂಡಿದ್ದೀಯಾ?" ಎಂದು ಅವರೇ ನಗುತ್ತಿದ್ದರು. ಖಾಯಂ ಪ್ರಾಧ್ಯಾಪಕರಿಗೆ ತಿರುಗುವ ಕುರ್ಚಿ, ಇವರಿಗೆ ಪರೀಕ್ಷಾ ಹಾಲಿನಿಂದ ತಂದ ಮರದ ಕುರ್ಚಿ. ಅದರ ಒಂದು ಕಾಲಿಗೆ ಹಳೆ ಪ್ರಶ್ನೆಪತ್ರಿಕೆ ಮಡಚಿ ಇಟ್ಟಿದ್ದರು, ಅಲುಗಾಡದಿರಲಿ ಅಂತ. ಪ್ರತಿ ವರ್ಷ ಬೇಸಿಗೆಯಲ್ಲಿ ಕೆಲಸ ನಿಲ್ಲುತ್ತಿತ್ತು, ಪ್ರತಿ ವರ್ಷ ಹೊಸದಾಗಿ ಅರ್ಜಿ. ಅರ್ಜಿಯಲ್ಲಿ 'ಈ ಹುದ್ದೆಯನ್ನು ಯಾಕೆ ಬಯಸುತ್ತೀರಿ' ಎಂಬ ಕಡೆ ಮೊದಮೊದಲು ಅರ್ಧ ಪುಟ ಬರೆಯುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ 'ಹಿಂದಿನಂತೆ' ಎಂದಷ್ಟೇ ಬರೆಯುತ್ತಿದ್ದರು.

ವಾಸ ಅಕ್ಕ-ಭಾವನ ಮನೆಯಲ್ಲಿ. ಕೆಳಗೆ ಭಾವನ ಪೇಂಟ್ ಅಂಗಡಿ, ಮೇಲೆ ಮನೆ, ಅದರ ಮೇಲೆ ತಗಡಿನ ಮಾಡಿನ ಒಂದು ಕೋಣೆ ಮೇಡಂದು. ಅಕ್ಕ ಬಂದವರಿಗೆಲ್ಲ "ನಮ್ಮ ತಂಗಿ ಪ್ರೊಫೆಸರು" ಅನ್ನುತ್ತಿದ್ದರು. ಭಾವ ಬಾಯಿಬಿಟ್ಟು ಏನೂ ಹೇಳುವವರಲ್ಲ. ಆದರೆ ಅಂಗಡಿಯ ಗಲ್ಲಾದ ಪಕ್ಕ ಇನ್ನೊಂದು ಸ್ಟೂಲು ಖಾಲಿ ಇಟ್ಟಿದ್ದರು. ಮೇಡಂ ಬೆಳಿಗ್ಗೆ ಮೆಟ್ಟಿಲಿಳಿದು ಆ ಸ್ಟೂಲಿನ ಕಡೆ ನೋಡದೆ ರಸ್ತೆಗೆ ಬರುತ್ತಿದ್ದರು. ಒಮ್ಮೆ ನನಗೆ ಅಂದರು, "ಭಾವ ಒಳ್ಳೆಯವರು. ಅದೇ ಕಷ್ಟ. ಬೈದಿದ್ರೆ ಎಂದೋ ಬೇರೆ ಮನೆ ಮಾಡ್ತಿದ್ದೆ."

ವಿಭಾಗದಲ್ಲಿ ಯಾರನ್ನೂ ಹೆಸರಿನಿಂದ ಕರೆಯುವ ರೂಢಿಯಿರಲಿಲ್ಲ. ಯಾರು ಯಾವ ಸಮಸ್ಯೆ ಪಾಠ ಮಾಡುತ್ತಾರೋ ಅದೇ ಅವರ ಹೆಸರು. ಮುಖ್ಯಸ್ಥರು ಬಡತನ ಸಾರ್, ಕಾರಿನಲ್ಲಿ ಬರುತ್ತಿದ್ದರು. ಚಹಾ ಕೂಡ ಕುಡಿಯದ ಮದ್ಯಪಾನ ಸಾರ್. ನಮ್ಮ ಮೇಡಂ ಪಾಲಿಗೆ ಬಂದದ್ದು ಮೊದಲ ಅಧ್ಯಾಯ, ಅಂದರೆ ವ್ಯಾಖ್ಯಾನ. ಅದರಲ್ಲಿ ಕಥೆಯಿಲ್ಲ, ಬರೀ ವಾಕ್ಯಗಳು, ಹಾಗಾಗಿ ಬೇರೆ ಯಾರಿಗೂ ಬೇಡ. ಜೊತೆಗೆ ನಿರಕ್ಷರತೆಯಂಥ ಉಳಿದ ಚೂರುಪಾರು. ಅದಕ್ಕೇ ಅವರು ಇಡಿಯಾಗಿ ಸಮಸ್ಯೆ ಮೇಡಂ.

ನಾನು ಪಠ್ಯಕ್ರಮಗಳನ್ನು ಓದುತ್ತಾ ಹೋದಂತೆ ಒಂದು ವಿಷಯ ಕಂಡಿತು. ಎಲ್ಲ ಕಡೆಯೂ ಒಂದೇ ವಾಕ್ಯ: ಸಮಾಜದ ಗಣನೀಯ ಸಂಖ್ಯೆಯ ಜನರು ಬೇಡವೆಂದು ಭಾವಿಸುವ, ಎಲ್ಲರೂ ಸೇರಿದರೆ ಬದಲಾಯಿಸಬಹುದೆಂದು ನಂಬುವ ಸ್ಥಿತಿ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದದ್ದು, ಅವರದನ್ನು ನೋಡಿ ಮತ್ತೊಬ್ಬರು.

"ಗಣನೀಯ ಅಂದ್ರೆ ಎಷ್ಟು ಮೇಡಂ? ನಮ್ಮ ಬೀದೀಲಿ ಅರವತ್ತು ಜನ ಸಹಿ ಹಾಕಿದ್ರು."

"ಅದು ಎಲ್ಲೂ ಬರೆದಿಲ್ಲ. ನಾನೂ ಮೊದಲ ವರ್ಷ ತುಂಬಾ ಹುಡುಕಿದ್ದೆ" ಅಂದರು. ಆಮೇಲೆ ಬಾಗಿಲತ್ತ ನೋಡಿ ದನಿ ತಗ್ಗಿಸಿದರು. "ಇಲ್ಲಿ ಹೇಗೆ ನಡೆಯುತ್ತೆ ಗೊತ್ತಾ? ಪಾಠ ಮಾಡೋಕೆ ಜನ ಇದ್ರೆ ಅದು ಸಮಸ್ಯೆ. ಬಾಲಾಪರಾಧ ಮಾಡ್ತಿದ್ದವರು ನಿವೃತ್ತರಾದ್ರು, ಮುಂದಿನ ವರ್ಷದಿಂದ ಬಾಲಾಪರಾಧ ಇಲ್ಲ. ಮಕ್ಕಳೆಲ್ಲ ಸರಿಹೋದ್ರು."

ಇದನ್ನು ನಾನು ಕೋಷ್ಟಕದಲ್ಲಿ ಎಲ್ಲಿ ಹಾಕಲಿ ಎಂದು ಕೇಳಿದೆ. "ಹಾಕ್ಬೇಡ, ಅನುದಾನ ವಾಪಸ್ ಹೋಗುತ್ತೆ" ಅಂದರು.

ಆ ವರ್ಷವೇ ನಿರಕ್ಷರತೆಯನ್ನು ತೆಗೆದುಹಾಕಿದರು. ಸಮಾಜದಿಂದಲ್ಲ, ಪಠ್ಯಕ್ರಮದಿಂದ. ಹಳತಾಯಿತು, ಮಕ್ಕಳು ಆಕಳಿಸುತ್ತಾರೆ ಅಂತ. ಮಕ್ಕಳ ಆಕಳಿಕೆ ನಿಂತಿತೋ ಇಲ್ಲವೋ, ಮೇಡಂಗೆ ವಾರದಲ್ಲಿ ನಾಲ್ಕು ಗಂಟೆ ಪಾಠ ಕಮ್ಮಿ ಬಿತ್ತು. ಅತಿಥಿಗಳಿಗೆ ಒಂದು ನಿಯಮ: ವಾರಕ್ಕೆ ಇಷ್ಟು ಗಂಟೆ ಪಾಠ ಇದ್ದರೆ ಮಾತ್ರ ಮುಂದಿನ ವರ್ಷದ ಕೆಲಸ, ಒಂದು ಗಂಟೆ ಕಮ್ಮಿಯಾದರೂ ಇಲ್ಲ. ಬಡತನ ಸಾರ್ ಕರೆದು ಹೇಳಿದರು, "ನನ್ನ ಕೈಯಲ್ಲಿ ಏನೂ ಇಲ್ಲ. ಬೇಸಿಗೆ ಮುಗಿಯೋ ಹೊತ್ತಿಗೆ ಪಠ್ಯಕ್ರಮದ ಸಭೆ ಇದೆ. ಯಾವುದಾದ್ರೂ ಹೊಸ ಸಮಸ್ಯೆ ತನ್ನಿ, ಪಾಸಾದ್ರೆ ನಾಲ್ಕು ಗಂಟೆ ತುಂಬುತ್ತೆ."

ಹೀಗೆ ನಾವಿಬ್ಬರೂ ಸಮಸ್ಯೆ ಹುಡುಕಿಕೊಂಡು ಹೊರಟೆವು. ಜನ ಸಮಸ್ಯೆಗೆ ಪರಿಹಾರ ಹುಡುಕುತ್ತಾರೆ, ನಮ್ಮದು ತಿರುಗಾಮುರುಗಾ. ಜಗತ್ತಿನಲ್ಲಿ ಸಮಸ್ಯೆಗೆ ಬರವೇ ಎಂದು ನಾನು ಗತ್ತಿನಿಂದ ಮೊದಲ ದಿನವೇ ಪಟ್ಟಿಗೆ ಕೂತೆ. ಕೂತಮೇಲೆ ಗೊತ್ತಾಯಿತು, ಎಲ್ಲದಕ್ಕೂ ಆಗಲೇ ಯಜಮಾನರಿದ್ದಾರೆ.

"ಒಂಟಿತನ?" ಅಂದೆ.

"ಮನಃಶಾಸ್ತ್ರದವರು ಬಿಡಲ್ಲ. ಹೋದ ಸಲ ಒಂದು ಅಧ್ಯಾಯಕ್ಕೆ ಕುಲಪತಿಗಳ ತನಕ ಹೋಗಿದ್ರು."

"ವಾಹನದಟ್ಟಣೆ?"

"ಎಂಜಿನಿಯರಿಂಗ್."

"ಮೊಬೈಲ್ ಚಟ? ಇದು ಹೊಸದು ಮೇಡಂ, ಇದನ್ನ ಯಾರೂ ಮುಟ್ಟಿಲ್ಲ."

"ಚಟ ಅಂತ ಹೆಸರು ಬಂದ್ರೆ ಎಲ್ಲ ಮದ್ಯಪಾನ ಸಾರ್‌ಗೆ ಸೇರಿದ್ದು. ಅವರಿಗೂ ಈ ಸಲ ಗಂಟೆ ಕಮ್ಮಿ ಇದೆ, ಕಾಯ್ತಾ ಕೂತಿದ್ದಾರೆ."

"ಮ್ಯಾನ್‌ಹೋಲ್..."

"ಸುಮ್ನಿರು."

ಫ್ಯಾನು ಕಿರುಗುಡುತ್ತಿತ್ತು. ಬೇಸಿಗೆ ರಜೆ, ಕಟ್ಟಡದಲ್ಲಿ ನಾವಿಬ್ಬರೇ. ಬೇಸಿಗೆಯಲ್ಲಿ ಮೇಡಂಗೆ ಸಂಬಳವಿಲ್ಲ, ನನಗೆ ಬಂದ ದಿನಕ್ಕೆ ಮಾತ್ರ. ಸಾಕಾಗಿ, ತಮಾಷೆಗೆ ಅಂದೆ: "ಹಾಗಾದ್ರೆ ನಮ್ಮನ್ನೇ ಹಾಕಿಬಿಡಿ ಮೇಡಂ. ಇವತ್ತಿದೆ ನಾಳೆ ಇಲ್ಲ ಅನ್ನೋ ಕೆಲಸ. ನೀವು, ನಾನು, ಗೇಟಿನ ಕಾವಲುಗಾರ, ಕಕ್ಕಸು ತೊಳೆಯೋ ಅಮ್ಮ. ಗಣನೀಯಕ್ಕೆ ಏನು ಕಮ್ಮಿ?"

ನಗುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು.

"ಹಾಕಬಹುದು" ಅಂದರು ಕೊನೆಗೆ. "ಯಾರ ಹತ್ರಾನೂ ಇಲ್ಲ ಅದು."

ಅಲ್ಲಿಂದ ಮುಂದಿನ ವಾರಗಳಲ್ಲಿ ಮೇಡಂ ಮನುಷ್ಯರೇ ಬೇರೆಯಾದರು. ಬೆಳಿಗ್ಗೆ ನನಗಿಂತ ಮೊದಲು ಬಂದಿರುತ್ತಿದ್ದರು. ಆಸ್ಪತ್ರೆಯ ಗುತ್ತಿಗೆ ದಾದಿಯರು, ಸರಕು ಹೊತ್ತು ತಲುಪಿಸುವ ಹುಡುಗರು, ಉಳಿದ ವಿಭಾಗಗಳ ಅತಿಥಿಗಳು, ಎಲ್ಲರನ್ನೂ ಮಾತಾಡಿಸಿದರು. ದಾದಿಯೊಬ್ಬಳು, "ಹೇಳಿದ್ರೆ ಏನಾದ್ರೂ ಆಗುತ್ತಾ ಅಕ್ಕ?" ಎಂದು ಕೇಳಿದಾಗ ಮೇಡಂ, "ಪಾಠ ಆಗುತ್ತೆ" ಅಂದರು. ಆಕೆ "ಯಾರಿಗೆ?" ಅಂದಳು. ಮೇಡಂ ಪುಸ್ತಕ ಮಡಚಿ ಎದ್ದರು. ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಆದರೂ ಬರೆದರು. ತಗಡಿನ ಕೋಣೆಯ ಸೆಕೆಯಲ್ಲಿ ಒದ್ದೆ ಬಟ್ಟೆ ಕುತ್ತಿಗೆಗೆ ಸುತ್ತಿಕೊಂಡು ಬರೆದರು. ನಾಲ್ಕು ಗಂಟೆಗಲ್ಲ, ನಲವತ್ತು ಗಂಟೆಗಾಗುವಷ್ಟು ಪಾಠ ಸಿದ್ಧವಾಯಿತು. ನಕಲು ಮಾಡಿ ಮಾಡಿ ನನ್ನ ಬೆರಳು ಸೆಟೆದುಕೊಂಡವು.

ಸಭೆಯ ಹಿಂದಿನ ದಿನ ಅವರ ಮನೆಗೆ ಹೋಗಿದ್ದೆ. ಅಕ್ಕನ ಮುಂದೆ ಅಭ್ಯಾಸ ನಡೆದಿತ್ತು. ಅಕ್ಕ ಬಟ್ಟೆ ಮಡಚುತ್ತಾ ಕೇಳಿ, "ಚೆನ್ನಾಗಿದೆ ಕಣೇ. ಆದ್ರೆ ಇದೆಲ್ಲ ನಿನಗೇ ಆಗಿರೋ ಹಾಗೆ ಹೇಳ್ತೀಯಲ್ಲ" ಅಂದರು.

ಇಷ್ಟು ವರ್ಷ ತಂಗಿ ಪ್ರೊಫೆಸರು ಎಂದು ನಂಬಿಕೊಂಡಿದ್ದ ಅಕ್ಕ. ಮೇಡಂ ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. "ಪಾಠ ಹಾಗೇ ಮಾಡ್ಬೇಕು ಅಕ್ಕ, ಆಗ್ಲೇ ಮಕ್ಕಳಿಗೆ ನಾಟೋದು" ಅಂದರು.

ಸಭೆಗೆ ನಾನೂ ಹೋಗಿದ್ದೆ. ಪ್ರತಿಗಳನ್ನು ಹಂಚುವುದು, ಬಿಸ್ಕತ್ತಿನ ತಟ್ಟೆ ಖಾಲಿಯಾದರೆ ತುಂಬುವುದು ನನ್ನ ಪಾಲಿನ ವಿದ್ವತ್ತು. ಉದ್ದ ಮೇಜಿನ ಸುತ್ತ ಖಾಯಂ ಜನ. ಮೇಡಂ ಬಾಗಿಲ ಪಕ್ಕ.

ಅವರು ಎದ್ದು ನಿಂತು ಮಾತಾಡಿದರು. ವ್ಯಾಖ್ಯಾನದ ಒಂದೊಂದು ತುಂಡನ್ನೂ ಎತ್ತಿಕೊಂಡು, ಇದು ಎಷ್ಟು ಜನಕ್ಕೆ ತಟ್ಟಿದೆ, ಹೇಗೆ ಬೇಡವಾಗಿದೆ, ಮನಸ್ಸು ಮಾಡಿದರೆ ಹೇಗೆ ಬದಲಾಯಿಸಬಹುದು ಎಂದು ತೋರಿಸಿದರು. ದಾದಿಯರ ಮಾತು ಬಂತು, ಬೇಸಿಗೆಯಲ್ಲಿ ಸಾಲ ಕೇಳಲು ಹೋಗುವವರ ಮಾತು ಬಂತು, ಮದುವೆಯ ಮಾತುಕತೆಯಲ್ಲಿ 'ಕೆಲಸ ಖಾಯಮ್ಮೋ?' ಎಂಬ ಪ್ರಶ್ನೆಗೆ ಎದ್ದುಹೋದ ಒಬ್ಬ ಹೆಣ್ಣುಮಗಳ ಮಾತು ಬಂತು. ಅದು ಯಾರೆಂದು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮುಗಿದಾಗ ಬಿಸ್ಕತ್ತಿನ ತಟ್ಟೆ ತುಂಬಿದ ಹಾಗೇ ಇತ್ತು.

"ಅದ್ಭುತ" ಅಂದರು ಬಡತನ ಸಾರ್. "ನಿಜಕ್ಕೂ ಕಣ್ಣು ತೆರೆಸಿದ್ರಿ. ಇದು ಪಠ್ಯಕ್ರಮದಲ್ಲಿ ಇಷ್ಟು ದಿನ ಇಲ್ಲದ್ದೇ ನಾಚಿಕೆ. ಯಾರದಾದ್ರೂ ಆಕ್ಷೇಪ?"

ಯಾರದೂ ಇಲ್ಲ. ಎಲ್ಲರೂ ಕೈ ಎತ್ತಿದರು. ನಾನೂ ಬಿಸ್ಕತ್ತಿನ ತಟ್ಟೆಯ ಸಮೇತ ಎತ್ತಿಬಿಟ್ಟೆ. ಮೇಡಂ ಮುಖದಲ್ಲಿ ಆ ಕ್ಷಣ ಇದ್ದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಸಣ್ಣ ಹುಡುಗಿಯ ಹಾಗೆ ತುಟಿ ಕಚ್ಚಿಕೊಂಡಿದ್ದರು.

"ಸರಿ, 'ಅಭದ್ರ ಉದ್ಯೋಗ', ವಾರಕ್ಕೆ ನಾಲ್ಕು ಗಂಟೆ. ಪಾಠ ಯಾರು ಮಾಡೋದು?"

ಮದ್ಯಪಾನ ಸಾರ್ ಗಂಟಲು ಸರಿಮಾಡಿಕೊಂಡರು. "ನನಗೆ ಈ ಸಲ ನಾಲ್ಕು ಗಂಟೆ ಕಮ್ಮಿ ಇದೆ."

"ಅದು ಮೇಡಂ ತಂದದ್ದಲ್ವಾ..." ಎಂದು ಯಾರೋ ಮೆಲ್ಲಗೆ ಅಂದರು.

"ತಂದದ್ದು ಹೌದು" ಅಂದರು ಮದ್ಯಪಾನ ಸಾರ್. "ನಾನು ಅವರ ಶ್ರಮ ಅಲ್ಲಗಳೀತಿಲ್ಲ. ಆದ್ರೆ ಮೊದಲು ಖಾಯಂ ಇರೋರ ಗಂಟೆ ತುಂಬಬೇಕು, ಅದು ನಿಯಮ. ಇನ್ನೊಂದು ಮಾತು, ಕೆಟ್ಟದಾಗಿ ತಿಳ್ಕೋಬೇಡಿ ಮೇಡಂ. ಇಂಥ ವಿಷಯಕ್ಕೆ ಸ್ವಲ್ಪ ದೂರ ಬೇಕು. ತೊಂದರೆಗೆ ಸಿಕ್ಕಿದವರೇ ಪಾಠ ಮಾಡಿದ್ರೆ ವಸ್ತುನಿಷ್ಠತೆ ಉಳಿಯಲ್ಲ. ಮದ್ಯಪಾನ ಪಾಠ ಮಾಡೋಕೆ ಕುಡುಕನ್ನ ಕರೀತೀವಾ?"

ಒಂದಿಬ್ಬರು ನಕ್ಕರು. ನಗಬಾರದಿತ್ತೆಂದು ತಕ್ಷಣ ಹೊಳೆದು ಚಹಾದ ಲೋಟ ಎತ್ತಿಕೊಂಡರು.

ಖಾಯಂ ಇರುವವರದು ಮೊದಲು ಎಂಬ ನಿಯಮ ಮೇಡಂಗೆ ಗೊತ್ತಿಲ್ಲದ್ದಲ್ಲ. ಅತಿಥಿಗಳಿಗೆ ಅದು ಬಾಯಿಪಾಠ. ಆದರೆ ಆ ವಾರಗಳಲ್ಲಿ ಅವರಿಗೆ ಒಂದೇ ಚಿಂತೆ, ಇದು ಸಮಸ್ಯೆ ಎಂದು ಸಾಬೀತುಮಾಡುವುದು. ಸಾಬೀತಾದ ಮೇಲೆ ಅದು ತಮ್ಮದಾಗಿ ಉಳಿಯುವುದಿಲ್ಲ ಎಂಬುದು ಮರೆತೇಹೋಗಿತ್ತು. ನನಗೂ ಹೊಳೆಯಲಿಲ್ಲ, ನನಗೆ ಹೊಳೆಯುವಂತಿದ್ದರೆ ನಾನು ಬಿಸ್ಕತ್ತು ಯಾಕೆ ಹಿಡಿದಿರುತ್ತಿದ್ದೆ.

ಬಡತನ ಸಾರ್ ಮೇಡಂ ಕಡೆ ನೋಡಿದರು. ಅವರಿಗೆ ನಿಜಕ್ಕೂ ಕಸಿವಿಸಿಯಾಗಿತ್ತು, ಸುಳ್ಳು ಹೇಳಬಾರದು. "ನೀವೇನಂತೀರಿ?"

"ನಿಯಮ ಸರಿಯಿದೆ" ಅಂದರು ಮೇಡಂ. ಕೂತರು. ಸಭೆ ಮುಂದಿನ ವಿಷಯಕ್ಕೆ ಹೋಯಿತು, ಗ್ರಂಥಾಲಯದ ಸೋರುವ ಮಾಡು.

ಆ ವರ್ಷ ಅರ್ಜಿ ಹಾಕಲಿಲ್ಲ ಅವರು. ಹಾಕಿದ್ದರೂ ತೆಗೆದುಕೊಳ್ಳುತ್ತಿರಲಿಲ್ಲ. ಕೋಣೆ ಏಳರ ಮರದ ಕುರ್ಚಿಯನ್ನು ಮತ್ತೆ ಪರೀಕ್ಷಾ ಹಾಲಿಗೆ ಹೊತ್ತುಕೊಂಡು ಹೋದದ್ದು ನಾನೇ. ನಮ್ಮ ಅಧ್ಯಯನದ ವರದಿ ಬಡತನ ಸಾರ್ ಹೆಸರಿನಲ್ಲಿ ಹೊರಬಂತು, ಒಳಪುಟದಲ್ಲಿ ಮೇಡಂಗೆ ಕೃತಜ್ಞತೆ ಹೇಳಿದ್ದರು. ನನಗೂ ಹೇಳಿದ್ದರು, 'ಮತ್ತು ಇತರರಿಗೆ' ಎಂಬಲ್ಲಿ.

ತರಗತಿಗಳು ಶುರುವಾದ ಮೇಲೆ ಒಂದು ಬೆಳಿಗ್ಗೆ ಮದ್ಯಪಾನ ಸಾರ್ ನನ್ನನ್ನು ಕರೆದರು. "ಆ ಅಭದ್ರ ಉದ್ಯೋಗದ್ದು ಎಲ್ಲೂ ಸರಿಯಾದ ಪುಸ್ತಕ ಸಿಗ್ತಿಲ್ಲ. ಮೇಡಂ ಹತ್ರ ನೋಟ್ಸ್ ಇದೆಯಲ್ಲ, ನೀನು ಹೋಗಿ ಕೇಳು. ನಾನು ಕೇಳಿದ್ರೆ ಚೆನ್ನಾಗಿರಲ್ಲ." ನಾನು ಕೇಳಿದರೆ ಚೆನ್ನಾಗಿರುತ್ತದೆಯೇ ಎಂದು ಕೇಳುವ ಧೈರ್ಯ ದಿನಗೂಲಿಯವನಿಗೆ ಎಲ್ಲಿಂದ ಬರಬೇಕು. ಹೋದೆ.

ಮೇಡಂ ಅಂಗಡಿಯಲ್ಲಿದ್ದರು, ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ. ಬಳಪದ ಪುಡಿಯಿದ್ದ ಕಡೆ ಈಗ ಬಣ್ಣದ ಚುಕ್ಕೆಗಳು. ಬಣ್ಣ ಬೆರೆಸುವ ಯಂತ್ರ ಗಡಗಡ ಅಲುಗುತ್ತಿತ್ತು. ಒಬ್ಬ ಗಿರಾಕಿ ಬಣ್ಣದ ಕಾರ್ಡು ಹಿಡಿದು, "ಇದು ತಿಳಿ ಅಲ್ಲ, ಇದಕ್ಕಿಂತ ಒಂಚೂರು ತಿಳಿ" ಎಂದು ಜೀವ ತಿನ್ನುತ್ತಿದ್ದ. ಭಾವ ಹಿಂದಿನ ಗೋದಾಮಿನಿಂದ ಇಣುಕಿ ನನ್ನನ್ನು ನೋಡಿ ನಕ್ಕು, "ಪ್ರೊಫೆಸರ್‌ನ ನೋಡೋಕೆ ಬಂದ್ರಾ? ಕೂತ್ಕೊಳ್ಳಿ" ಅಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಕಷ್ಟ ಅಂತ ಮೇಡಂ ಅಂದದ್ದು ನನಗೆ ಆಗ ಅರ್ಥವಾಯಿತು.

ಗಿರಾಕಿ ಹೋದ ಮೇಲೆ ಬಂದ ಕೆಲಸ ಹೇಳಿದೆ. ನೆಲ ನೋಡಿಕೊಂಡೇ ಹೇಳಿದೆ. ಬೈಯುತ್ತಾರೆ, ಇಲ್ಲವೇ ಅಳುತ್ತಾರೆ, ಎರಡಕ್ಕೂ ತಯಾರಾಗಿದ್ದೆ. ಅವರು ಎದ್ದು ಮೇಲೆ ಹೋಗಿ ಹಗ್ಗ ಕಟ್ಟಿದ ಕಂತೆ ತಂದು ಪೇಂಟ್ ಕಂಪನಿಯ ಚೀಲಕ್ಕೆ ತುಂಬಿ ಕೈಗೆ ಕೊಟ್ಟರು.

"ಅಷ್ಟೂ ಇದೆ. ಜಾಗ ಹಿಡೀತಿತ್ತು. ಅರ್ಥ ಆಗ್ದಿದ್ರೆ ಫೋನ್ ಮಾಡ್ಬೇಡಿ ಅಂತ ಹೇಳು."

ಚೀಲ ಭಾರವಿತ್ತು. ಅದರಲ್ಲಿ ಅರ್ಧ ನನ್ನ ಅಕ್ಷರ. ಹೊರಡಬೇಕಿತ್ತು, ಹೊರಡಲಾಗಲಿಲ್ಲ. ಸಭೆಯ ದಿನದಿಂದ ಒಂದು ಪ್ರಶ್ನೆ ಹೊತ್ತುಕೊಂಡು ತಿರುಗುತ್ತಿದ್ದೆ. ಆ ದಾದಿಯರ ಮಾತು, ಎದ್ದುಹೋದ ಹೆಣ್ಣುಮಗಳ ಮಾತು ಹೇಳುವಾಗ ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದೆ. ಅವರು ಮನಸಾರೆ ಬರೆಯುತ್ತಿದ್ದಾರೆಂದು ನಂಬಿಕೊಂಡೇ ನಾನು ಅದಕ್ಕೂ ಮುಂಚೆ ಅಷ್ಟು ದಿನ ನಕಲು ಮಾಡಿದ್ದೆ.

"ಮೇಡಂ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅದನ್ನ ನೀವು ನಿಜವಾಗ್ಲೂ ಸಮಾಜದ ಸಮಸ್ಯೆ ಅಂತ ತಂದ್ರಾ, ಅಥವಾ ನಾಲ್ಕು ಗಂಟೆಗೋಸ್ಕರ ತಂದ್ರಾ?"

ಯಂತ್ರ ನಿಂತಿತು. ಅವರು ಡಬ್ಬ ಹೊರತೆಗೆದು, ಮುಚ್ಚಳದ ಮೇಲೆ ಒಂದು ಹನಿ ಬಣ್ಣ ಒತ್ತಿ, ಕಾರ್ಡಿನ ಪಕ್ಕ ಹಿಡಿದು ನೋಡಿದರು.

"ನಾಲ್ಕು ಗಂಟೆಗೋಸ್ಕರ" ಅಂದರು. "ಬೇರೆ ಯಾವುದು ಸಿಕ್ಕಿದ್ರೂ ಅದನ್ನೇ ತರ್ತಿದ್ದೆ."